ಬೈಕಿನ ಎಕ್ಸ್ಟ್ರಾ ಲೈಟಿಗೆ ಕೊಡೋ ದುಡ್ಡಲ್ಲಿ ಸ್ವಲ್ಪ ವೈರಿಂಗಿಗೂ ಇಡಿ

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಹತ್ತುವ ಹಾಗಿಲ್ಲ. ಆಟೊ, ಟ್ರ್ಯಾಕ್ಟರಿಗೂ ಅಷ್ಟೇ. ನಮಗೆ ಉಳಿದದ್ದು ಪಕ್ಕದ ಸರ್ವಿಸ್ ರೋಡ್. ಹಗಲಲ್ಲಿ ಏನೂ ತೊಂದರೆ ಇಲ್ಲ. ರಾತ್ರಿ ಮಂಡ್ಯ ಬಿಟ್ಟು ಶ್ರೀರಂಗಪಟ್ಟಣದ ಕಡೆ ಹೊರಟರೆ ಮಾತ್ರ ಬೇರೆಯದೇ ಕಥೆ. ಎದುರಿಂದ ರಾಂಗ್ ಸೈಡಲ್ಲಿ ಬರುವ ಗಾಡಿ, ಬಣ್ಣ ಅಳಿಸಿಹೋದ ಹಂಪ್, ಇದ್ದಕ್ಕಿದ್ದಂತೆ ರಸ್ತೆಗೆ ಬರುವ ದನ. ಕಬ್ಬಿನ ಸೀಸನ್ನಲ್ಲಂತೂ ಹಿಂದೆ ಒಂದು ಕೆಂಪು ರಿಫ್ಲೆಕ್ಟರೂ ಇಲ್ಲದೆ ಲೋಡ್ ತುಂಬಿ ನಿಂತಿರುವ ಟ್ರೈಲರ್. ಕಬ್ಬಿನ ಗರಿ ಹಿಂದಕ್ಕೆ ಚಾಚಿಕೊಂಡಿರುತ್ತೆ, ಅದು ಬೆಳಕನ್ನು ವಾಪಸ್ ಕಳಿಸುವುದೇ ಇಲ್ಲ. ಹತ್ತಿರ ಹೋಗುವ ತನಕ ಅದು ಕತ್ತಲಿನ ಒಂದು ತುಂಡು ಅಷ್ಟೇ.

ಪಾಂಡವಪುರದ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ರಸ್ತೆಗಳಲ್ಲಿ ಇನ್ನೂ ಭಯ. ಎಷ್ಟೋ ಕಡೆ ತಡೆಗೋಡೆ ಇಲ್ಲ. ಡಾಂಬರು ಎಲ್ಲಿ ಮುಗಿಯುತ್ತೆ, ಮಣ್ಣು ಎಲ್ಲಿ ಶುರುವಾಗುತ್ತೆ ಅನ್ನುವುದು ಕಾಣಲೇಬೇಕು.

ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗುವುದರೊಳಗೆ ಒಂದು ಸೆಕೆಂಡ್ ಕಳೆದಿರುತ್ತೆ. ಆಮೇಲೆ ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನೊಂದು 20 ಮೀಟರ್ ಬೇಕು. ಒಟ್ಟು ಸುಮಾರು 40 ಮೀಟರ್. ಹಳೇ ಹ್ಯಾಲೊಜೆನ್ ಹೆಡ್‌ಲೈಟಿನ ಲೋ ಬೀಮ್ ಅಷ್ಟು ದೂರ ಮಂಕಾಗಿ ತಲುಪುತ್ತೆ, ಆದರೆ ರಸ್ತೆಯ ಎರಡು ಅಂಚನ್ನು ತೋರಿಸಲ್ಲ. ಅದಕ್ಕೇ ನಾನು ಎಕ್ಸ್ಟ್ರಾ ಲೈಟ್ ಹಾಕಿಸಿದೆ. ಹಾಕಿಸಿದೆ ಅನ್ನುವುದಕ್ಕಿಂತ ಮನೆಯ ಮುಂದೆ ಕೂತು ನಾನೇ ಹಾಕಿದೆ. ಅದರ ಬಗ್ಗೆ ತುಂಬಾ ಜನ ಕೇಳುತ್ತಿರುತ್ತಾರೆ, ಆದ್ದರಿಂದ ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಲೈಟ್ ಯಾವುದು ಅಂತ ಕೇಳುತ್ತಾರೆ. ವೈರ್ ಯಾವುದು, ರಿಲೇ ಎಲ್ಲಿಟ್ಟೆ, ಫ್ಯೂಸ್ ಎಷ್ಟರದ್ದು ಅಂತ ಯಾರೂ ಕೇಳಲ್ಲ. ಕೆಡುವುದು ಮಾತ್ರ ಯಾವಾಗಲೂ ಅಲ್ಲೇ. ಲೈಟ್ ಕೆಟ್ಟರೆ ಬೆಳಕು ಹೋಗುತ್ತೆ ಅಷ್ಟೇ. ವೈರಿಂಗ್ ಕೆಟ್ಟರೆ ಬೈಕೇ ಹೋಗಬಹುದು.

ಲೈಟಿನ ವಿಷಯ ಬೇಗ ಮುಗಿಸುತ್ತೇನೆ. ಡಬ್ಬದ ಮೇಲೆ ಬರೆದ ಲ್ಯೂಮೆನ್ (ಬೆಳಕಿನ ಅಳತೆ) ಸಂಖ್ಯೆಯನ್ನು ನಂಬಬೇಡಿ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತೆ, ಸ್ವಲ್ಪ ಆಚೆ ಈಚೆ. 20 ವ್ಯಾಟ್‌ನ ಲೈಟ್ ಮೇಲೆ ಹತ್ತು ಸಾವಿರ ಲ್ಯೂಮೆನ್ ಅಂತ ಬರೆದಿದ್ದರೆ ಅದು ಸುಳ್ಳು. ವ್ಯಾಟ್ ಕೂಡ ಸುಳ್ಳು ಇರುತ್ತೆ. ಮಲ್ಟಿಮೀಟರನ್ನು ಆಂಪಿಯರ್‌ಗೆ ಇಟ್ಟು ಲೈಟಿನ ಜೊತೆ ಸೀರೀಸಲ್ಲಿ, ಅಂದರೆ ಕರೆಂಟ್ ಮೀಟರಿನ ಮೂಲಕವೇ ಲೈಟಿಗೆ ಹೋಗುವ ಹಾಗೆ, ಸೇರಿಸಿ ನೋಡಿದರೆ ನಿಜ ಗೊತ್ತಾಗುತ್ತೆ. 12 ವೋಲ್ಟ್‌ನಲ್ಲಿ ಒಂದೂವರೆ ಆಂಪಿಯರ್ ಎಳೆದರೆ ಅದು 18 ವ್ಯಾಟ್, ಡಬ್ಬದ ಮೇಲೆ 60 ಅಂತ ಇದ್ದರೂ ಅಷ್ಟೇ. ಬೆಳಕು ಎಷ್ಟು ಅನ್ನುವುದಕ್ಕಿಂತ ಅದು ಎಲ್ಲಿ ಬೀಳುತ್ತೆ ಅನ್ನುವುದು ಮುಖ್ಯ. ಲೆನ್ಸ್ ಚೆನ್ನಾಗಿದ್ದು, ಮೇಲ್ಗಡೆ ಗೆರೆ ಎಳೆದಂತೆ ಬೆಳಕು ಕತ್ತರಿಸಿ ನಿಲ್ಲುವ ಅಗಲ ಬೀಮಿನ ಫಾಗ್ ಲೈಟ್ ನಮ್ಮ ರಸ್ತೆಗಳಿಗೆ ಸರಿ. ಬಣ್ಣ ಹಳದಿ ತಗೊಳ್ಳಿ ಅಂತ ನನ್ನ ಸಲಹೆ. ಮಳೆಯಲ್ಲಿ ಒದ್ದೆ ಡಾಂಬರಿನ ಮೇಲೆ ನೀಲಿ ಮಿಶ್ರಿತ ಬಿಳಿ ಬೆಳಕಿಗಿಂತ ಹಳದಿಯೇ ಕಣ್ಣಿಗೆ ಹಿತ. ಚಳಿಗಾಲದ ಬೆಳಗ್ಗೆ ಗದ್ದೆ ಬಯಲಿನ ಮಂಜಲ್ಲಿ ಹೋಗುವಾಗಲೂ ಅಷ್ಟೇ. ಆದರೆ ಮಂಜಲ್ಲಿ ಬಣ್ಣಕ್ಕಿಂತ ಲೈಟು ಕೆಳಗಿರುವುದು, ಬೀಮ್ ಮೇಲಕ್ಕೆ ಏಳದಿರುವುದು ಜಾಸ್ತಿ ಕೆಲಸ ಮಾಡುತ್ತೆ.

ಈಗ ಕರೆಂಟಿನ ಲೆಕ್ಕ. 20 ವ್ಯಾಟ್‌ನ ಎರಡು ಲೈಟು ಅಂದರೆ 40 ವ್ಯಾಟ್. 12ರಿಂದ ಭಾಗಿಸಿದರೆ 3.3 ಆಂಪಿಯರ್. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.5ರಿಂದ 14.5 ವೋಲ್ಟ್ ಇರುತ್ತೆ, ಆಗ 3 ಆಂಪಿಯರ್ ಆಸುಪಾಸು. ಇದು ದೊಡ್ಡ ಲೋಡ್ ಅಲ್ಲ. 55 ವ್ಯಾಟ್‌ನ ಹ್ಯಾಲೊಜೆನ್ ಜೋಡಿ ಹಾಕುವ ಕಾಲ ಇತ್ತು, ಅದು 9 ಆಂಪಿಯರಿಗೂ ಮೇಲೆ ಎಳೆಯುತ್ತಿತ್ತು. ಸಾಧಾರಣ ಬೈಕಿನ ಮ್ಯಾಗ್ನೆಟ್ ಕಾಯಿಲ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಮಾಡುವ ಭಾಗ, ಅಷ್ಟನ್ನು ತಡೆಯಲ್ಲ. ನಿಮ್ಮ ಬೈಕು ತಡೆಯುತ್ತೋ ಇಲ್ಲವೋ ಅಂತ ಸುಮ್ನೆ ಊಹೆ ಮಾಡಬೇಡಿ. ಎಂಜಿನ್ ಶುರು ಮಾಡಿ, ಹೆಡ್‌ಲೈಟ್ ಹೈ ಬೀಮಿಗೆ ಹಾಕಿ, ಎಕ್ಸ್ಟ್ರಾ ಲೈಟ್ ಆನ್ ಮಾಡಿ, ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಬ್ಯಾಟರಿಯ ಎರಡು ತುದಿಗೆ ಮೀಟರ್ ಇಡಿ. 13 ವೋಲ್ಟ್ ಮೇಲೆ ಆರಾಮಾಗಿ ನಿಂತರೆ ಸರಿ. 12.6ಕ್ಕೆ ಇಳಿದರೆ ಬ್ಯಾಟರಿ ತುಂಬುತ್ತಿಲ್ಲ, ಖಾಲಿಯಾಗುತ್ತಿದೆ ಅಂತ ಅರ್ಥ. ಬೈಕಿನ ಬ್ಯಾಟರಿ ಚಿಕ್ಕದು. ನನ್ನದರಲ್ಲಿ ಇರುವುದು 9 ಆಂಪಿಯರ್-ಅವರ್. ಎಂಜಿನ್ ಆಫ್ ಮಾಡಿ ಲೈಟ್ ಉರಿಸಿಟ್ಟರೆ ಲೆಕ್ಕದ ಪ್ರಕಾರ ಎರಡೂಮುಕ್ಕಾಲು ಗಂಟೆ ಬರಬೇಕು, ಆದರೆ ಸೆಲ್ಫ್ ಸ್ಟಾರ್ಟ್ ಅದಕ್ಕಿಂತ ತುಂಬಾ ಮೊದಲೇ ಕೈ ಕೊಡುತ್ತೆ.

ಮೈಸೂರಿನಲ್ಲಿ ಹಳೇ ಜಾವಾ ಇಟ್ಟುಕೊಂಡವರು ಇನ್ನೂ ಬಹಳ ಜನ ಇದ್ದಾರೆ, ಯಾದವಗಿರಿಯ ಫ್ಯಾಕ್ಟರಿಯಿಂದ ಬಂದ ಗಾಡಿಗಳು. ಅವರಿಗೊಂದು ಮಾತು. ಆ ಹಳೇ ಜಾವಾ 6 ವೋಲ್ಟ್‌ನದು. ಅಂಗಡಿಯಲ್ಲಿ ಸಿಗುವ 12 ವೋಲ್ಟ್ ಲೈಟು, ರಿಲೇ ಯಾವುದೂ ಅದಕ್ಕೆ ಆಗಲ್ಲ. ಮೊದಲು ಗಾಡಿಯನ್ನು 12 ವೋಲ್ಟ್‌ಗೆ ಬದಲಾಯಿಸಿದವರು ಮಾತ್ರ ಮುಂದಕ್ಕೆ ಓದಿ.

ಇನ್ನು ರಿಲೇ. ಇದೇ ಇಡೀ ಕೆಲಸದ ಹೃದಯ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಹೆಚ್ಚಿನ ಅಂಗಡಿಗಳಲ್ಲಿ ಏನು ಮಾಡುತ್ತಾರೆ ಅಂದರೆ, ಹೆಡ್‌ಲೈಟ್ ಬಿಚ್ಚಿ, ಅದಕ್ಕೆ ಹೋಗುವ ವೈರನ್ನು ಬ್ಲೇಡಲ್ಲಿ ಕೆರೆದು, ಎಕ್ಸ್ಟ್ರಾ ಲೈಟಿನ ವೈರನ್ನು ಅಲ್ಲೇ ಸುತ್ತಿ, ಕಪ್ಪು ಟೇಪ್ ಹಾಕಿ ಮುಗಿಸುತ್ತಾರೆ. ಹದಿನೈದು ನಿಮಿಷದ ಕೆಲಸ. ಲೈಟ್ ಉರಿಯುತ್ತೆ, ಗಿರಾಕಿ ಖುಷಿ. ಆದರೆ ಬೈಕ್ ತಯಾರಿಸಿದವರು ಆ ವೈರು, ಆ ಸ್ವಿಚ್ಚು, ಆ ಕನೆಕ್ಟರನ್ನು ಒಂದು ಹೆಡ್‌ಲೈಟಿಗೆ ಎಷ್ಟು ಬೇಕೋ ಅಷ್ಟಕ್ಕೇ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಹ್ಯಾಂಡಲ್ ಮೇಲಿನ ಸ್ವಿಚ್ಚಿನ ಒಳಗಿನ ತಾಮ್ರದ ತುಂಡು ಎಷ್ಟು ಸಣ್ಣದು ಅಂತ ಬಿಚ್ಚಿ ನೋಡಿದವರಿಗೆ ಗೊತ್ತು. ಅದರ ಮೂಲಕವೇ ಎರಡು ಪಟ್ಟು ಕರೆಂಟ್ ಎಳೆದರೆ ಅದು ಬಿಸಿಯಾಗುತ್ತೆ, ಪ್ಲಾಸ್ಟಿಕ್ ಮೆತ್ತಗಾಗುತ್ತೆ, ಒಂದು ದಿನ ಸ್ವಿಚ್ ಕರಗಿ ಕೂರುತ್ತೆ.

ರಿಲೇ ಇದನ್ನೇ ತಪ್ಪಿಸುತ್ತೆ. ನಮ್ಮ ಕಡೆಯವರಿಗೆ ನಾಲೆಯ ತೂಬು ಗೊತ್ತಲ್ವಾ? ಒಬ್ಬ ನೀರುಗಂಟಿ ಕೈಯಲ್ಲಿ ಚಕ್ರ ತಿರುಗಿಸುತ್ತಾನೆ, ನೂರಾರು ಎಕರೆಗೆ ನೀರು ಹೋಗುತ್ತೆ. ನೀರು ಅವನ ಕೈಯಲ್ಲಿ ಹರಿಯುವುದಿಲ್ಲ. ರಿಲೇ ಕೂಡ ಹಾಗೇ. ಸ್ವಿಚ್ಚಿನಲ್ಲಿ ಹೋಗುವುದು ರಿಲೇ ಒಳಗಿನ ಕಾಯಿಲಿಗೆ ಬೇಕಾದ ಪುಟ್ಟ ಕರೆಂಟ್, ಸುಮಾರು 150 ಮಿಲಿಆಂಪಿಯರ್. ಕಾಯಿಲ್ ಅಯಸ್ಕಾಂತವಾಗಿ ಒಳಗಿನ ಕಬ್ಬಿಣದ ಪಟ್ಟಿಯನ್ನು ಟಕ್ ಅಂತ ಎಳೆಯುತ್ತೆ, ಆಗ ಬ್ಯಾಟರಿಯಿಂದ ಲೈಟಿಗೆ ಬೇರೆಯದೇ ದಪ್ಪ ವೈರಿನಲ್ಲಿ ದಾರಿ ತೆರೆಯುತ್ತೆ. ಬೈಕಿನ ಸ್ವಂತ ವೈರಿಂಗ್ ಮೇಲೆ ಏನೂ ಭಾರ ಬೀಳಲ್ಲ.

ರಿಲೇ ಅಡಿಯಲ್ಲಿ ಸಂಖ್ಯೆಗಳು ಕೆತ್ತಿರುತ್ತವೆ. ಇವು ಡಿನ್ 72552 ಅನ್ನುವ ಜರ್ಮನ್ ಮಾನದಂಡದಿಂದ ಬಂದವು, ಯಾವ ಕಂಪನಿಯ ರಿಲೇ ತಗೊಂಡರೂ ಅರ್ಥ ಒಂದೇ. 30ಕ್ಕೆ ಬ್ಯಾಟರಿ ಪಾಸಿಟಿವ್, ಫ್ಯೂಸ್ ಮೂಲಕ. 87ರಿಂದ ಲೈಟಿನ ಪಾಸಿಟಿವ್. 86ಕ್ಕೆ ಸ್ವಿಚ್ಚಿನಿಂದ ಬರುವ ಸಣ್ಣ ವೈರು. 85 ನೆಗೆಟಿವ್‌ಗೆ. ಮುಗಿಯಿತು. ಐದು ಪಿನ್ನಿನ ರಿಲೇ ಕೊಟ್ಟರೆ ಮಧ್ಯದಲ್ಲಿ 87ಎ ಅಂತ ಒಂದು ಜಾಸ್ತಿ ಇರುತ್ತೆ. ರಿಲೇ ಆಫ್ ಇದ್ದಾಗ ಅದರಲ್ಲೇ ಕರೆಂಟ್ ಇರುತ್ತೆ, ಅಂದರೆ ಬೈಕ್ ನಿಲ್ಲಿಸಿ ಕೀ ತೆಗೆದು ಮನೆಯೊಳಗೆ ಹೋದ ಮೇಲೂ. ಅದಕ್ಕೆ ಏನೂ ಸೇರಿಸಬೇಡಿ, ಖಾಲಿ ಬಿಟ್ಟು ಸಾಕೆಟ್ಟಿನೊಳಗೆ ಮುಚ್ಚಿಡಿ. ನಾಲ್ಕು ಪಿನ್ನಿನದೇ ಕೇಳಿ ತಗೊಂಡರೆ ಇನ್ನೂ ಒಳ್ಳೆಯದು. ಕಾಯಿಲಿಗೆ ಅಡ್ಡವಾಗಿ ಒಳಗೇ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ) ಇರುವ ರಿಲೇ ಸಿಕ್ಕರೆ ಅದನ್ನು ಆರಿಸಿ. ರಿಲೇ ಆಫ್ ಆಗುವ ಕ್ಷಣದಲ್ಲಿ ಕಾಯಿಲ್ ಹಿಂದಕ್ಕೆ ಒಂದು ದೊಡ್ಡ ವೋಲ್ಟೇಜ್ ಏಟು ಕೊಡುತ್ತೆ, ಈಗಿನ ಎಫ್‌ಐ (ಫ್ಯೂಯೆಲ್ ಇಂಜೆಕ್ಷನ್) ಬೈಕುಗಳ ಎಲೆಕ್ಟ್ರಾನಿಕ್ಸ್‌ಗೆ ಅದು ಒಳ್ಳೆಯದಲ್ಲ. ಡಯೋಡ್ ಆ ಏಟನ್ನು ನುಂಗುತ್ತೆ. ಅಂಥ ರಿಲೇಯಲ್ಲಿ 86ಕ್ಕೆ ಪಾಸಿಟಿವ್, 85ಕ್ಕೆ ನೆಗೆಟಿವ್ ಅನ್ನುವುದನ್ನು ಅದಲು ಬದಲು ಮಾಡುವ ಹಾಗಿಲ್ಲ.

ಆ 86ರ ಸಣ್ಣ ವೈರು ಎಲ್ಲಿಂದ ತಗೊಳ್ಳಬೇಕು? ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ನೇರ ಬ್ಯಾಟರಿಯಿಂದ ತಗೊಳ್ಳಬೇಡಿ. ಕೀ ತೆಗೆದರೂ ಸ್ವಿಚ್ ಆನ್ ಇದ್ದರೆ ಲೈಟ್ ಉರಿಯುತ್ತಲೇ ಇರುತ್ತೆ, ದಾರಿಯಲ್ಲಿ ಹೋಗುವ ಹುಡುಗ ಒತ್ತಿದರೂ ಉರಿಯುತ್ತೆ. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರು ಬೇಕು. ಅಗಲ ಬೀಮಿನ ಫಾಗ್ ಲೈಟಿಗೆ ನಾನು ಪಾರ್ಕಿಂಗ್ ಲೈಟಿನ ವೈರನ್ನು ಆರಿಸುತ್ತೇನೆ, ಮಧ್ಯೆ ಹ್ಯಾಂಡಲ್ ಮೇಲೆ ಒಂದು ಸ್ವಿಚ್. ದೂರ ಹೊಡೆಯುವ ಸ್ಪಾಟ್ ಲೈಟ್ ಹಾಕುವವರು ಮಾತ್ರ ದಯವಿಟ್ಟು ಹೈ ಬೀಮಿನ ವೈರಿನಿಂದಲೇ ತಗೊಳ್ಳಿ. ಎದುರಿಗೆ ಗಾಡಿ ಬಂದಾಗ ನೀವು ಡಿಪ್ ಮಾಡುತ್ತೀರಿ, ಅದರ ಜೊತೆಗೇ ಸ್ಪಾಟ್ ಲೈಟೂ ತಾನಾಗಿ ಆರಿಹೋಗುತ್ತೆ. ಬೇರೆ ಸ್ವಿಚ್ ಹುಡುಕಬೇಕಾಗಿಲ್ಲ. ಹೀಗೆ ಮಾಡಿದ ಬೈಕು ಎದುರಿಗೆ ಬಂದರೆ ನನಗೆ ಅವರ ಮೇಲೆ ಗೌರವ ಬರುತ್ತೆ.

ಹಳೇ ಕಮ್ಯೂಟರ್ ಬೈಕುಗಳಲ್ಲಿ ಒಂದು ವಿಷಯ ನೋಡಿಕೊಳ್ಳಬೇಕು. ಅವುಗಳಲ್ಲಿ ಎಷ್ಟೋ ಗಾಡಿಗಳ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವುದಲ್ಲ, ನೇರ ಮ್ಯಾಗ್ನೆಟ್ ಕಾಯಿಲಿನ ಎಸಿ ಕರೆಂಟಿನಿಂದ. ಆಕ್ಸಿಲರೇಟರ್ ಕೊಟ್ಟರೆ ಬೆಳಕು ಜಾಸ್ತಿ, ಬಿಟ್ಟರೆ ಮಂಕು. ಅಂಥ ವೈರಿಗೆ ರಿಲೇ ಸೇರಿಸಿದರೆ ಅದು ಟಕ್ ಅಂತ ಕೂರಲ್ಲ, ಕರಕರ ಅಂತ ನಡುಗುತ್ತೆ, ಒಳಗಿನ ಪಾಯಿಂಟ್ ಸುಟ್ಟುಹೋಗುತ್ತೆ. ಅಲ್ಲಿ ಹಾರ್ನಿಗೆ ಅಥವಾ ಬ್ರೇಕ್ ಲೈಟ್ ಸ್ವಿಚ್ಚಿಗೆ ಬರುವ ಡಿಸಿ ವೈರಿನಿಂದ ತಗೊಳ್ಳಿ. 2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಎಂಜಿನ್ ಶುರುವಾದ ಮೇಲೆ ಹೆಡ್‌ಲೈಟ್ ತಾನೇ ಹತ್ತುತ್ತೆ, ಕಾನೂನೇ ಹಾಗಿದೆ. ಎಂಜಿನ್ ಆಫ್ ಇದ್ದಾಗ ಉರಿಯಲ್ಲ ಅಂದ ಮಾತ್ರಕ್ಕೆ ಅದನ್ನು ಎಸಿ ಅಂದುಕೊಳ್ಳಬೇಡಿ, ಮೀಟರ್ ಹಾಕಿ ನೋಡಿ.

ಇನ್ನು ಕೆಲವು ಬೈಕಿನಲ್ಲಿ ಸ್ವಿಚ್ ಇರುವುದು ಪಾಸಿಟಿವ್ ಕಡೆ ಅಲ್ಲ, ನೆಗೆಟಿವ್ ಕಡೆ. ಲೈಟಿಗೆ ಪಾಸಿಟಿವ್ ಯಾವಾಗಲೂ ಬಂದಿರುತ್ತೆ, ಸ್ವಿಚ್ ಒತ್ತಿದಾಗ ಅರ್ಥ್ ಸಿಗುತ್ತೆ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಲೈಟಿನ ಎರಡು ವೈರಿಗೂ ಒಂದೊಂದಾಗಿ ತಾಗಿಸಿ, ಸ್ವಿಚ್ ಆನ್ ಆಫ್ ಮಾಡಿ ನೋಡಿದರೆ ಯಾವ ಕಡೆ ಬದಲಾಗುತ್ತೆ ಅಂತ ತಿಳಿಯುತ್ತೆ. ವೈರಿನ ಬಣ್ಣ ನೋಡಿ ತೀರ್ಮಾನ ಮಾಡುವುದು ಬೇಡ. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತೆ.

ಗೆಳೆಯನ ಬೈಕಿನ ಕಥೆ ಹೇಳಿದರೆ ಫ್ಯೂಸ್ ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ಅವನು ಒಂದು ಅಂಗಡಿಯಲ್ಲಿ ಇದೇ ಹದಿನೈದು ನಿಮಿಷದ ಕೆಲಸ ಮಾಡಿಸಿದ್ದ. ರಿಲೇ ಇಲ್ಲ, ಫ್ಯೂಸ್ ಇಲ್ಲ. ಮಳೆಗಾಲದಲ್ಲಿ ಒಂದು ರಾತ್ರಿ ಪಾಂಡವಪುರದಿಂದ ಬರುವಾಗ ಹೆಡ್‌ಲೈಟು, ಹಾರ್ನು, ಇಂಡಿಕೇಟರು ಎಲ್ಲ ಒಟ್ಟಿಗೆ ಸತ್ತವು. ಎಂಜಿನ್ ಕೂಡ ನಿಂತಿತು. ಮಾರನೇ ದಿನ ನಾವಿಬ್ಬರೂ ಹೆಡ್‌ಲೈಟ್ ಬಿಚ್ಚಿದೆವು. ಟೇಪ್ ಬಿಸಿಗೆ ಕರಗಿ ಅಂಟಂಟಾಗಿತ್ತು, ಕೈಗೆ ಕಪ್ಪು ಗೋಂದು ಮೆತ್ತಿಕೊಳ್ಳುತ್ತಿತ್ತು. ಅದನ್ನು ಬಿಡಿಸಿದರೆ ಒಳಗಿನ ತಾಮ್ರ ಹಸಿರಾಗಿತ್ತು. ಬೆರಳಲ್ಲಿ ಮುಟ್ಟಿದರೆ ಎಳೆಗಳು ಪುಡಿಪುಡಿಯಾಗಿ ಉದುರಿದವು. ನಿಜವಾದ ತೊಂದರೆ ಇದ್ದದ್ದು ಇನ್ನೂ ಸ್ವಲ್ಪ ಕೆಳಗೆ. ಹ್ಯಾಂಡಲ್ ತಿರುಗುವ ಕತ್ತಿನ ಹತ್ತಿರ ವೈರು ಚಾಸಿಗೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದು, ತಾಮ್ರ ನೇರ ಕಬ್ಬಿಣಕ್ಕೆ ತಾಗಿತ್ತು. ಶಾರ್ಟ್ ಆಯಿತು, ಬೈಕಿನ ಮೇನ್ ಫ್ಯೂಸ್ ಹೋಯಿತು. ಮೇನ್ ಫ್ಯೂಸ್ ಹೋದರೆ ಇಡೀ ಬೈಕು ಕತ್ತಲೆ. ಎಕ್ಸ್ಟ್ರಾ ಲೈಟಿಗೆ ಅದರದೇ ಫ್ಯೂಸ್ ಇದ್ದಿದ್ದರೆ ಅದೊಂದೇ ಆರುತ್ತಿತ್ತು, ಅವನು ಹೆಡ್‌ಲೈಟಿನಲ್ಲಿ ಮನೆಗೆ ಬರುತ್ತಿದ್ದ. ಆ ಕತ್ತಲಲ್ಲಿ ನಾಲೆ ಪಕ್ಕದ ರಸ್ತೆಯಲ್ಲಿ ಅವನಿಗೆ ಏನೂ ಆಗಲಿಲ್ಲ ಅನ್ನುವುದೇ ದೊಡ್ಡದು.

ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಇರಬೇಕು, ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ. ಲೈಟಿನ ಹತ್ತಿರ ಇಟ್ಟರೆ ಪ್ರಯೋಜನ ಇಲ್ಲ, ಯಾಕೆಂದರೆ ಬ್ಯಾಟರಿಯಿಂದ ಫ್ಯೂಸ್ ತನಕ ಇರುವ ವೈರನ್ನು ಕಾಯುವವರು ಯಾರೂ ಇರಲ್ಲ. ಫ್ಯೂಸ್ ಇರುವುದು ಲೈಟ್ ಉಳಿಸುವುದಕ್ಕಲ್ಲ, ವೈರ್ ಸುಡದ ಹಾಗೆ ನೋಡಿಕೊಳ್ಳುವುದಕ್ಕೆ. 3.3 ಆಂಪಿಯರ್ ಲೋಡಿಗೆ 5 ಆಂಪಿಯರ್ ಸಾಕು. ಲೈಟ್ ಹತ್ತುವ ಕ್ಷಣದ ಜೋರಿಗೆ ಅದು ಹೋಗುತ್ತಿದ್ದರೆ 7.5. ಬ್ಲೇಡ್ ಫ್ಯೂಸಿನಲ್ಲಿ ಬಣ್ಣದಿಂದಲೇ ಗುರುತು ಹಿಡಿಯಬಹುದು: 5 ತಿಳಿಗಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ಹಳದಿ ಫ್ಯೂಸ್ ಹಾಕಿಕೊಡುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಫ್ಯೂಸ್ ಹೋಗಲ್ಲ, ಅದರ ಬದಲು ವೈರ್ ಸುಡುತ್ತೆ. ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ.

ವೈರ್ 1 ಚದರ ಮಿಲಿಮೀಟರಿನದು ತಗೊಳ್ಳಿ. ಲೆಕ್ಕ ಸುಲಭ. ಅಷ್ಟು ದಪ್ಪದ ತಾಮ್ರದ ವೈರಿಗೆ ಒಂದು ಮೀಟರಿಗೆ ಸುಮಾರು 0.018 ಓಮ್ ತಡೆ ಇರುತ್ತೆ. ಹೋಗಲು 2 ಮೀಟರ್, ಬರಲು 2 ಮೀಟರ್ ಅಂದರೆ 0.07 ಓಮ್. 3.3 ಆಂಪಿಯರ್‌ನಲ್ಲಿ ಕಾಲು ವೋಲ್ಟ್ ಕಳೆದುಹೋಗುತ್ತೆ, ಪರವಾಗಿಲ್ಲ. ಅರ್ಧ ಚದರ ಮಿಲಿಮೀಟರಿನ ತೆಳು ವೈರಾದರೆ ನಷ್ಟ ಎರಡರಷ್ಟು. ಹ್ಯಾಲೊಜೆನ್ ಇಟ್ಟುಕೊಂಡವರಿಗಂತೂ ಇದು ಜೋರಾಗಿ ಹೊಡೆಯುತ್ತೆ. ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತೆ. ದುಡ್ಡು ಕೊಟ್ಟು ತಂದ ಬೆಳಕು ವೈರಿನಲ್ಲೇ ಬಿಸಿಯಾಗಿ ಹೋದಂತೆ. ಮನೆ ವೈರಿಂಗಿನ ಗಟ್ಟಿ ಒಂಟಿ ಕಂಬಿ ವೈರ್ ಬೇಡ, ಬೈಕಿನ ನಡುಕಕ್ಕೆ ಅದು ಮುರಿಯುತ್ತೆ. ತೆಳು ಎಳೆಗಳು ಸೇರಿದ ಮೆದು ವೈರೇ ಬೇಕು. ನೆಗೆಟಿವ್ ವೈರನ್ನು ಚಾಸಿಯ ಯಾವುದೋ ಬೋಲ್ಟಿಗೆ ಕಟ್ಟುವುದು ಬಿಟ್ಟು ಬ್ಯಾಟರಿ ನೆಗೆಟಿವ್ ತನಕ ಎಳೆಯಿರಿ. ಚಾಸಿಯ ಮೇಲಿರುವ ಪೇಂಟ್ ಕರೆಂಟ್ ಬಿಡಲ್ಲ. ಕೆರೆದು ಹಾಕಿದರೆ ಮಳೆಗೆ ಅಲ್ಲೇ ತುಕ್ಕು ಹಿಡಿಯುತ್ತೆ.

ಜಾಯಿಂಟ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಸುತ್ತಿ ಟೇಪ್ ಹಾಕುವುದು ಜಾಯಿಂಟೇ ಅಲ್ಲ. ಬೆಸುಗೆ ಹಾಕುವವರಿದ್ದಾರೆ, ಮನೆಯ ರೇಡಿಯೋಗೆ ಅದು ಸರಿ. ಬೈಕಿನಲ್ಲಿ ಸೀಸ ವೈರಿನ ಎಳೆಗಳೊಳಗೆ ಹೀರಿಕೊಂಡು ಅಷ್ಟು ಉದ್ದ ಗಟ್ಟಿಯಾಗುತ್ತೆ, ಗಟ್ಟಿ ಮುಗಿದು ಮೆದು ಶುರುವಾಗುವ ಜಾಗದಲ್ಲಿ ನಡುಕಕ್ಕೆ ಮುರಿಯುತ್ತೆ. ಕ್ರಿಂಪ್ ಮಾಡುವುದೇ, ಅಂದರೆ ಲಗ್ ಅನ್ನುವ ಲೋಹದ ತುಂಡನ್ನು ವೈರಿನ ತುದಿಗೆ ಒತ್ತಿ ಕೂರಿಸುವುದೇ, ಸರಿಯಾದ ದಾರಿ. ವೈರಿನ ಪ್ಲಾಸ್ಟಿಕ್ಕನ್ನು ಅರ್ಧ ಸೆಂಟಿಮೀಟರ್ ಬಿಡಿಸಿ, ಎಳೆಗಳನ್ನು ಒಂದೇ ಒಂದೂ ಕತ್ತರಿಸದ ಹಾಗೆ ನೋಡಿ, ಮೆಲ್ಲಗೆ ಹುರಿ ಮಾಡಿ ಲಗ್ಗಿನೊಳಗೆ ತೂರಿಸಿ. ಲಗ್ಗಿಗೆ ಎರಡು ಜೊತೆ ಕಿವಿ ಇರುತ್ತವೆ. ಒಳಗಿನ ಜೋಡಿ ತಾಮ್ರವನ್ನು ಹಿಡಿಯಬೇಕು, ಹೊರಗಿನ ಜೋಡಿ ಪ್ಲಾಸ್ಟಿಕ್ಕನ್ನು. ಹೊರಗಿನದು ಹಿಡಿದಿದ್ದರೆ ಎಳೆತ ತಾಮ್ರದ ಮೇಲೆ ಬೀಳಲ್ಲ. ಕ್ರಿಂಪಿಂಗ್ ಟೂಲಿನಿಂದ ಒತ್ತಿ, ಆಮೇಲೆ ಕೈಯಲ್ಲಿ ಜೋರಾಗಿ ಎಳೆದು ನೋಡಿ. ಬಂದುಬಿಟ್ಟರೆ ಈಗಲೇ ಬರಲಿ. ಅದರ ಮೇಲೆ, ಒಳಗಡೆ ಅಂಟು ಬಳಿದಿರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಹಾಕಿ ಬಿಸಿ ಮಾಡಿದರೆ ಎರಡೂ ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಇಣುಕುತ್ತೆ. ಹಾಗೆ ಇಣುಕಿದರೆ ನೀರು ಒಳಗೆ ಹೋಗಲ್ಲ ಅಂತ ಗ್ಯಾರಂಟಿ. ಟೂಲಿಗೆ ದುಡ್ಡು ಹಾಕಬೇಕಾ ಅಂತ ಕೇಳುತ್ತಾರೆ. ಹಾಕಬೇಕು. ಲೈಟಿನ ದುಡ್ಡಲ್ಲಿ ಸ್ವಲ್ಪ ಉಳಿಸಿ ಟೂಲಿಗೆ ಹಾಕಿ.

ಬೈಕಿನ ಮೂಲ ಹಾರ್ನೆಸ್ಸಿನ, ಅಂದರೆ ಕಂಪನಿಯಿಂದಲೇ ಬಂದ ವೈರುಗಳ ಕಟ್ಟಿನ, ಒಂದು ವೈರನ್ನೂ ಕತ್ತರಿಸಬೇಡಿ. ಟ್ರಿಗರ್ ವೈರನ್ನು, ಅಂದರೆ 86ಕ್ಕೆ ಹೋಗುವ ಆ ಸಣ್ಣ ವೈರನ್ನು, ಪಾರ್ಕಿಂಗ್ ಲೈಟಿನ ಕನೆಕ್ಟರಿನಲ್ಲೇ, ಅದೇ ಜಾತಿಯ ಗಂಡು-ಹೆಣ್ಣು ಕನೆಕ್ಟರ್ ತಂದು ಮಧ್ಯೆ ಒಂದು ವೈ ಆಕಾರದ ತುಂಡು ಮಾಡಿ ಸೇರಿಸಬಹುದು. ನಾಳೆ ಬೇಡ ಅನ್ನಿಸಿದರೆ ಕಿತ್ತು ತೆಗೆದರೆ ಬೈಕ್ ಶೋರೂಮಿಂದ ಬಂದ ಹಾಗೇ ಇರುತ್ತೆ. ವಾರಂಟಿ ಇರುವ ಬೈಕಲ್ಲಿ ಕತ್ತರಿಸಿದ ವೈರ್ ಕಂಡರೆ ತಕರಾರು ಬರುವುದು ಗ್ಯಾರಂಟಿ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕುವಾಗ ನೆಗೆಟಿವ್ ಕೊನೆಗೆ ಹಾಕಿ. ಪಾಸಿಟಿವ್ ಬಿಚ್ಚುವಾಗ ಸ್ಪಾನರ್ ಚಾಸಿಗೆ ತಾಗಿದರೂ ಆಗ ಕಿಡಿ ಹಾರಲ್ಲ.

ವೈರ್ ಎಳೆಯುವ ದಾರಿ ಟ್ಯಾಂಕಿನ ಅಡಿಯಲ್ಲಿ, ಮೂಲ ಹಾರ್ನೆಸ್ಸಿನ ಜೊತೆಗೇ. ಸೈಲೆನ್ಸರ್ ಪೈಪಿನಿಂದ, ಎಂಜಿನ್ನಿನಿಂದ ದೂರ. ಇಡೀ ಉದ್ದಕ್ಕೂ ಕಪ್ಪು ಸ್ಲೀವ್ ಹಾಕಿ. ಕತ್ತಿನ ಹತ್ತಿರ ಸ್ವಿಚ್ಚಿನ ವೈರು ಹೋಗುವಲ್ಲಿ ಸ್ವಲ್ಪ ಸಡಿಲ ಬಿಡಿ. ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಯ ತನಕ ತಿರುಗಿಸಿ, ಎಲ್ಲೂ ಬಿಗಿಯಾಗಬಾರದು, ಎಲ್ಲೂ ಸಿಕ್ಕಿಹಾಕಿಕೊಳ್ಳಬಾರದು. ರಿಲೇ ಸೀಟಿನ ಅಡಿ ಇಡಿ, ಪಿನ್ ಕೆಳಗೆ ಮುಖ ಮಾಡಿ. ಮೇಲೆ ಮುಖ ಮಾಡಿದರೆ ಅದು ನೀರು ಹಿಡಿಯುವ ಬಟ್ಟಲು ಆಗಿಬಿಡುತ್ತೆ. ಲೈಟಿಗೆ ಹೋಗುವ ವೈರು ಕನೆಕ್ಟರಿಗೆ ಸೇರುವ ಮೊದಲು ಒಮ್ಮೆ ಕೆಳಗೆ ಜೋತು ಮತ್ತೆ ಮೇಲೆ ಬರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಲೈಟ್ ಮೇಲೆ ಐಪಿ67 ಅಂತ ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತೊಂದರೆ ಇಲ್ಲ ಅಂತ. ಆದರೆ ವಾಟರ್ ಸರ್ವಿಸ್‌ನವರ ಪ್ರೆಷರ್ ಪೈಪಿಗೆ ಆ ಪರೀಕ್ಷೆ ಅನ್ವಯಿಸಲ್ಲ. ಲೈಟಿನ ಹತ್ತಿರ ಹಿಡಿಯಬೇಡಿ ಅಂತ ಪಕ್ಕದಲ್ಲಿ ನಿಂತೇ ಹೇಳಬೇಕು.

ಇಷ್ಟೆಲ್ಲ ಆದ ಮೇಲೆ ಲೈಟನ್ನು ಎತ್ತ ತಿರುಗಿಸುತ್ತೀರಿ ಅನ್ನುವುದು ಉಳಿಯುತ್ತೆ. ಇಲ್ಲಿ ತಪ್ಪಿದರೆ ಮೇಲಿನದೆಲ್ಲ ವ್ಯರ್ಥ, ಯಾಕೆಂದರೆ ನೀವು ಇನ್ನೊಬ್ಬರನ್ನು ನಾಲೆಗೆ ತಳ್ಳುತ್ತಿದ್ದೀರಿ. ನಮ್ಮ ಸರ್ವಿಸ್ ರೋಡಲ್ಲಿ ಎದುರಿಗೆ ಬರುವವರು ಯಾರು? ಗದ್ದೆಗೆ ನೀರು ಕಟ್ಟಿ ಸೈಕಲ್ಲಲ್ಲಿ ವಾಪಸ್ ಬರುವ ಅಜ್ಜ, ಟಿವಿಎಸ್ ಎಕ್ಸೆಲ್ ಮೇಲೆ ಹಾಲಿನ ಕ್ಯಾನ್ ಕಟ್ಟಿಕೊಂಡವರು, ಗಾರ್ಮೆಂಟ್ಸ್ ಕೆಲಸ ಮುಗಿಸಿ ನಡೆದು ಬರುವ ಹೆಣ್ಣುಮಕ್ಕಳು. ಅವರ ಕಣ್ಣಿಗೆ ನಿಮ್ಮ ಲೈಟ್ ಹೊಡೆದರೆ ಕೆಲವು ಸೆಕೆಂಡ್ ಅವರಿಗೆ ಏನೂ ಕಾಣಲ್ಲ. ನಾವು ಕಾಣಲಿ ಅಂತ ಹಾಕಿದ ಲೈಟು ಅವರನ್ನು ಕುರುಡು ಮಾಡಿದರೆ ಅದು ಯಾವ ನ್ಯಾಯ?

ಸಂಜೆ ಕತ್ತಲಾದ ಮೇಲೆ ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಬೈಕ್ ನಿಲ್ಲಿಸಿ. ಸ್ಟ್ಯಾಂಡ್ ಮೇಲಲ್ಲ, ನೀವು ಮೇಲೆ ಕೂತಿರಬೇಕು. ದಿನಾ ಹಿಂದೆ ಯಾರಾದರೂ ಕೂರುತ್ತಾರೆ ಅಂದರೆ ಅವರನ್ನೂ ಕೂರಿಸಿ, ಅವರ ಭಾರಕ್ಕೆ ಬೈಕಿನ ಹಿಂಭಾಗ ತಗ್ಗಿ ಮುಂದಿನ ಲೈಟ್ ಮೇಲೆ ನೋಡುತ್ತೆ. ನೆಲದಿಂದ ಲೈಟಿನ ಮಧ್ಯಕ್ಕೆ ಎಷ್ಟು ಎತ್ತರ ಅಂತ ಅಳೆದು ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಕ್ರ್ಯಾಶ್ ಗಾರ್ಡ್ ಮೇಲಾದರೆ 60 ಸೆಂಟಿಮೀಟರ್ ಸುಮಾರು ಬರುತ್ತೆ. ಬೆಳಕಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗಿರಲಿ. 5 ಮೀಟರಿಗೆ 10 ಸೆಂಟಿಮೀಟರ್ ಇಳಿದರೆ ಆ ಅಂಚು 30 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತೆ. 5 ಸೆಂಟಿಮೀಟರ್ ಇಳಿಸಿದರೆ 60 ಮೀಟರ್. ಅಗಲ ಬೀಮಿಗೆ 30 ಮೀಟರ್ ಸಾಕು, ಅಂಚು ಕಾಣುವುದೇ ಅದರ ಕೆಲಸ. ಅದರಾಚೆಗೆ ಹೆಡ್‌ಲೈಟ್ ಇದೆ, ರಸ್ತೆ ಖಾಲಿ ಇದ್ದಾಗ ಹೈ ಬೀಮ್ ಇದೆ, ಅದೂ ಸಾಲದಿದ್ದರೆ ವೇಗ ಇಳಿಸಬೇಕು. ಎಲ್ಲ ಸರಿ ಮಾಡಿದ ಮೇಲೆ ಗೆಳೆಯನನ್ನು ಬೈಕ್ ಮೇಲೆ ಕೂರಿಸಿ, ನೀವು ಎದುರಿನಿಂದ ನಡೆದು ಬನ್ನಿ. ನಿಮಗೆ ಮುಖ ತಿರುಗಿಸಬೇಕು ಅನ್ನಿಸಿದರೆ ಇನ್ನೂ ಇಳಿಸಿ.

ಕಾನೂನೂ ಇದನ್ನೇ ಹೇಳುತ್ತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ಮುಂದಿನ ಲೈಟು ಕೆಳಕ್ಕೆ ಬಾಗಿರಬೇಕು ಇಲ್ಲವೇ ಓಡಿಸುವವರು ಕೆಳಕ್ಕೆ ಬಾಗಿಸುವ ಹಾಗಿರಬೇಕು, 8 ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಎತ್ತರದ ಕಣ್ಣಿಗೆ ಕುಕ್ಕಬಾರದು. 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ರಾಜ್ಯದಾದ್ಯಂತ ಕೇಸ್ ಹಾಕಲು ಶುರು ಮಾಡಿದರು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ಕೆಲಸ. ಮೈಸೂರು ನಗರದೊಳಗೆ ಬಂದ ಮೇಲೆ ನಾನು ಎಕ್ಸ್ಟ್ರಾ ಲೈಟ್ ಆಫ್ ಮಾಡುತ್ತೇನೆ. ಬೀದಿ ದೀಪ ಇರುವ ಕಡೆ ಅದರ ಅಗತ್ಯ ಏನೂ ಇಲ್ಲ.

ಹಾಕಿ ಒಂದು ವಾರ ಓಡಿಸಿದ ಮೇಲೆ ಬ್ರಾಕೆಟ್ಟಿನ ಬೋಲ್ಟುಗಳನ್ನು ಒಮ್ಮೆ ಬಿಗಿ ಮಾಡಿ, ಹೊಸದರಲ್ಲಿ ಸಡಿಲ ಆಗಿಯೇ ಆಗುತ್ತವೆ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ಬೇಗ ಸಡಿಲವಾಗದ ನಟ್) ಹಾಕಿದರೆ ಉತ್ತಮ. ಬೋಲ್ಟು ಬಿಗಿ ಮಾಡಿದಾಗ ಲೈಟಿನ ಕೋನ ಬದಲಾಗಿರುತ್ತೆ, ಆದ್ದರಿಂದ ಗೋಡೆ ಮೇಲಿನ ಗೆರೆಯನ್ನು ಒರೆಸದೆ ಹಾಗೇ ಬಿಟ್ಟಿರಿ. ಬ್ಯಾಟರಿ ಹತ್ತಿರ 13.8 ಇದ್ದು ಲೈಟಿನ ಕನೆಕ್ಟರಿನಲ್ಲಿ 13.5 ತೋರಿಸಿದರೆ ಎಲ್ಲ ಸರಿ ಇದೆ. ಮಳೆಗಾಲ ಮುಗಿದ ಮೇಲೆ ಅದೇ ಎರಡು ಜಾಗದಲ್ಲಿ ಮತ್ತೆ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದ್ದರೆ ಯಾವುದೋ ಲಗ್ಗಿನೊಳಗೆ ನೀರು ಹೋಗಿದೆ. ಮೊದಲು ನೆಗೆಟಿವ್ ಕಡೆಯ ಜಾಯಿಂಟ್ ಬಿಚ್ಚಿ ನೋಡಿ.